ಬೆಳಗ್ಗೆ 7.25ಕ್ಕೆ ಗೋಪನ್, 7.35ಕ್ಕೆ ಕನ್ನಡ

ಪ್ರಶ್ನೆ: ಮಲಯಾಳಂ ವಾರ್ತೆ ಓದುತ್ತಿದ್ದ ಆಕಾಶವಾಣಿಯ ಗೋಪನ್ ತೀರಿಕೊಂಡಾಗ ಕಾಸರಗೋಡಿನ ಕನ್ನಡಿಗರೂ ಬೇಸರ ಪಟ್ಟರು ಅಂತ ಯಾರೋ ಹೇಳಿದರು. ಹೌದಾ? ಕನ್ನಡದವರ ಮನೆಯಲ್ಲಿ ಮಲಯಾಳಂ ವಾರ್ತೆ ಯಾಕೆ ಕೇಳುತ್ತಿದ್ದರು? ಕನ್ನಡ ವಾರ್ತೆ ಸಿಗುತ್ತಿರಲಿಲ್ಲವಾ?

ಉತ್ತರ:

ಹೌದು, ನಮ್ಮ ಮನೆಯಲ್ಲಂತೂ ಬೇಸರವಾಯಿತು. ಕನ್ನಡ ವಾರ್ತೆ ಸಿಗುತ್ತಿತ್ತು. ಅದನ್ನೂ ಕೇಳುತ್ತಿದ್ದೆವು. ಎರಡೂ ಕೇಳುತ್ತಿದ್ದೆವು ಅನ್ನುವುದೇ ಇಲ್ಲಿನ ವಿಷಯ.

ನಾನು ಬದಿಯಡ್ಕದ ಕಡೆಯವನು. ಮನೆಯೊಳಗೆ ಹವ್ಯಕ ಕನ್ನಡ, ತೋಟದಲ್ಲಿ ತುಳು, ಬಸ್ಸು ಹತ್ತಿ ಕಾಸರಗೋಡು ಪೇಟೆಯಲ್ಲಿ ಇಳಿದರೆ ಮಲಯಾಳಂ. ಇದರ ನಡುವೆ ಬ್ಯಾರಿ, ಕೊಂಕಣಿ, ಮರಾಠಿ ಬೇರೆ. ಒಂದೇ ಭಾಷೆಯಲ್ಲಿ ದಿನ ಕಳೆಯುವುದು ಹೇಗೆ ಅಂತ ನಮಗೆ ಈಗಲೂ ಗೊತ್ತಿಲ್ಲ.

ಗೋಪನ್ ಯಾರು ಅಂತ ತಿಳಿಯದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಹೆಸರು ಗೋಪಿನಾಥನ್ ನಾಯರ್. ರೇಡಿಯೋದಲ್ಲಿ ಬರೀ ಗೋಪನ್. ತಿರುವನಂತಪುರದ ಕಡೆಯವರು, ಆದರೆ ಬದುಕೆಲ್ಲ ದಿಲ್ಲಿಯಲ್ಲಿ. ನಲವತ್ತು ವರ್ಷಕ್ಕೆ ಹತ್ತಿರ ಆಕಾಶವಾಣಿಯಲ್ಲಿ ಮಲಯಾಳಂ ವಾರ್ತೆ ಓದಿದರು. 2019ರ ಏಪ್ರಿಲ್ ಕೊನೆಯಲ್ಲಿ ದಿಲ್ಲಿಯಲ್ಲೇ ತೀರಿಕೊಂಡರು. ವಯಸ್ಸು 79. ಇಲ್ಲಿ ಲೋಕಸಭೆ ಮತದಾನ ಮುಗಿದು ವಾರವಾಗಿತ್ತಷ್ಟೆ. ವಾಟ್ಸಾಪಿನಲ್ಲೆಲ್ಲ ಚುನಾವಣೆಯದ್ದೇ ಗಲಾಟೆ. ಅದರ ನಡುವೆ ಈ ಸುದ್ದಿ ಬಂತು. ಜತೆಗೊಂದು ಫೋಟೋ. ಅಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿ, "ಇವರಾ?" ಅಂತ ಕೇಳಿದರು. ಅಷ್ಟು ವರ್ಷ ದಿನಾ ಬೆಳಗ್ಗೆ ಮನೆಯೊಳಗೆ ಇದ್ದವರ ಮುಖವನ್ನು ಅವರು ಅವತ್ತೇ ಮೊದಲು ನೋಡಿದ್ದು.

ಈಗ ನಿಮ್ಮ ನಿಜವಾದ ಪ್ರಶ್ನೆ. ಯಾಕೆ ಕೇಳುತ್ತಿದ್ದೆವು?

ಮೊದಲನೆಯ ಕಾರಣ ತೀರಾ ಸಾದಾ. ಸಿಗ್ನಲ್. ಕಲ್ಲಿಕೋಟೆಯ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಮಂಗಳೂರಿಗೆ ನಿಲಯ ಬಂದದ್ದು 1976ರ ಡಿಸೆಂಬರಿನಲ್ಲಿ. ನಡುವಿನ ಅಷ್ಟೂ ವರ್ಷ ನಮ್ಮ ಗುಡ್ಡದ ಮೂಲೆಗೆ ಕನ್ನಡ ಬರಬೇಕಾದರೆ ಬೆಂಗಳೂರಿನಿಂದಲೋ ಧಾರವಾಡದಿಂದಲೋ ಬರಬೇಕು. ಬರುತ್ತಿತ್ತು, ಆದರೆ ಗೊರಗೊರ ಸದ್ದಿನ ಜತೆ. ಮಳೆಗಾಲದಲ್ಲಿ ಸಿಡಿಲಿನ ಪಟಪಟ ಬೇರೆ. ಕಲ್ಲಿಕೋಟೆ ಮಾತ್ರ ಪಕ್ಕದ ಕೋಣೆಯಲ್ಲಿ ಮಾತಾಡಿದಷ್ಟು ಸ್ಪಷ್ಟ. ಹಾಗಾಗಿ ಅಜ್ಜನ ಕಿವಿ ಮಲಯಾಳಂ ವಾರ್ತೆಗೆ ಆಗಲೇ ಒಗ್ಗಿತ್ತು. ಮಂಗಳೂರು ಬಂದ ಮೇಲೂ ಅವರು ಹಳೆಯದನ್ನು ಬಿಡಲಿಲ್ಲ, ಹೊಸದನ್ನು ಸೇರಿಸಿಕೊಂಡರು.

ಎರಡನೆಯ ಕಾರಣದಲ್ಲಿ ಸ್ವಾರಸ್ಯ ಜಾಸ್ತಿ. ದಿಲ್ಲಿಯಿಂದ ಬೆಳಗ್ಗೆ ದಕ್ಷಿಣದ ಭಾಷೆಗಳ ವಾರ್ತೆ ಸಾಲಾಗಿ ಬರುತ್ತಿತ್ತು. 7.05ಕ್ಕೆ ತೆಲುಗು, 7.15ಕ್ಕೆ ತಮಿಳು, 7.25ಕ್ಕೆ ಮಲಯಾಳಂ, 7.35ಕ್ಕೆ ಕನ್ನಡ. ಒಂದೊಂದೂ ಹತ್ತು ನಿಮಿಷ. ಎಲ್ಲವೂ ಪಾರ್ಲಿಮೆಂಟ್ ಸ್ಟ್ರೀಟಿನ ಒಂದೇ ಕಟ್ಟಡದಿಂದ. ಚಿಕ್ಕವನಿರುವಾಗ ನನ್ನ ಕಲ್ಪನೆಯಲ್ಲಿ ಒಂದೇ ಮೈಕು, ಒಂದೇ ಕುರ್ಚಿ. ಒಬ್ಬರು ಎದ್ದರೆ ಇನ್ನೊಬ್ಬರು ಕೂರುವುದು. ಸುದ್ದಿಯ ಮೂಲ ಪ್ರತಿ ಮಾತ್ರ ನಿಜವಾಗಿಯೂ ಒಂದೇ. ಇಂಗ್ಲಿಷಿನಲ್ಲಿ ತಯಾರಾಗಿ ಬಂದದ್ದನ್ನು ಆಯಾ ಭಾಷೆಯವರು ತಮ್ಮ ಭಾಷೆಗೆ ತರುತ್ತಿದ್ದರು. ಓದುವವರು ಬರೀ ಓದುವವರಲ್ಲ, ಅನುವಾದವೂ ಅವರದೇ ಕೆಲಸ.

ಇದರಿಂದ ಏನಾಯಿತು ನೋಡಿ. ನಮ್ಮ ಜಗಲಿಯಲ್ಲಿ 7.25ಕ್ಕೆ ಗೋಪನ್ ಹೇಳಿದ ಸುದ್ದಿಯನ್ನೇ 7.35ಕ್ಕೆ ರಂಗರಾಯರೋ ಉಪೇಂದ್ರ ರಾಯರೋ ಕನ್ನಡದಲ್ಲಿ ಹೇಳುತ್ತಿದ್ದರು. ಹೆಚ್ಚುಕಡಿಮೆ ಅದೇ ಕ್ರಮದಲ್ಲಿ. ಮೊದಲ ಹತ್ತು ನಿಮಿಷ ಅರ್ಧಂಬರ್ಧ ತಿಳಿದದ್ದು ಮುಂದಿನ ಹತ್ತು ನಿಮಿಷದಲ್ಲಿ ಬಿಡಿಸಿಕೊಳ್ಳುತ್ತಿತ್ತು. ದುಡ್ಡು ಕೊಟ್ಟು ಟ್ಯೂಷನ್ನಿಗೆ ಹೋದರೂ ಇಂಥ ಪಾಠ ಸಿಗಲಿಕ್ಕಿಲ್ಲ. ಮೈಸೂರಿನ ಮಗುವಿಗೆ ಇದು ಸಿಗದು, ತ್ರಿಶ್ಶೂರಿನ ಮಗುವಿಗೂ ಸಿಗದು. ಎರಡೂ ನಿಲಯ ಚೆನ್ನಾಗಿ ಕೇಳಿಸುವ ಜಾಗದಲ್ಲಿ ಹುಟ್ಟಬೇಕು.

ಒಂದು ತೊಂದರೆ ಇತ್ತು. ರೇಡಿಯೋದಲ್ಲಿ ಕಲ್ಲಿಕೋಟೆ ಇದ್ದದ್ದು 684 ಕಿಲೋಹರ್ಟ್ಸಿನಲ್ಲಿ, ಮಂಗಳೂರು 1089ರಲ್ಲಿ. ಮುಳ್ಳನ್ನು ಎಡದಿಂದ ಬಲಕ್ಕೆ ಓಡಿಸಬೇಕು. ನಮ್ಮ ರೇಡಿಯೋದ ತಿರುಗಣೆ ಸಡಿಲ, ಒಳಗಿನ ದಾರ ಜಾರುತ್ತಿತ್ತು. ಅಜ್ಜಿಗೆ ಅಂಕಿ ಓದಲು ಬಾರದು. ಅವರು ಗಾಜಿನ ಮೇಲೆ ಎರಡು ಕಡೆ ಕುಂಕುಮದ ಬೊಟ್ಟು ಇಟ್ಟಿದ್ದರು. ಎಡದ ಬೊಟ್ಟು ಗೋಪನ್, ಬಲದ ಬೊಟ್ಟು ಕನ್ನಡ. ಬೆವರಿಗೂ ಕೈಗೂ ಅದು ಅಳಿಸಿದಾಗ ಮತ್ತೆ ಇಡುವುದು. ಗೋಪನ್ ಮುಗಿಸಿದ ಕೂಡಲೇ ಅಜ್ಜ "ತಿರುಗುಸು, ತಿರುಗುಸು" ಅಂತ ಅವಸರ ಮಾಡುತ್ತಿದ್ದರು. ಎಷ್ಟು ಬೇಗ ತಿರುಗಿಸಿದರೂ ಕನ್ನಡದ ಮೊದಲ ಸಾಲು ತಪ್ಪುತ್ತಿತ್ತು. "ಓದುತ್ತಿರುವವರು" ಅನ್ನುವುದೂ ಅದರ ಹಿಂದಿನ ಹೆಸರೂ ದಾಟಿಹೋಗಿರುತ್ತಿತ್ತು. ಇವತ್ತು ಯಾರು ಅಂತ ದನಿಯಿಂದಲೇ ಗೊತ್ತು ಮಾಡಬೇಕು. ಅದರಲ್ಲಿ ನಾನೂ ತಂಗಿಯೂ ಪಂಥ ಕಟ್ಟುತ್ತಿದ್ದೆವು.

ಗೋಪನ್ ಅವರ ಹೆಸರು ಮಾತ್ರ ತಪ್ಪುತ್ತಿರಲಿಲ್ಲ. "ಆಕಾಶವಾಣಿ. ವಾರ್ತಗಳ್ ವಾಯಿಕ್ಕುನ್ನದ್ ಗೋಪನ್." ಆ ಕೊನೆಯ ಎರಡಕ್ಷರ ಗಟ್ಟಿಯಾಗಿ ಕೂರುತ್ತಿತ್ತು. ದಪ್ಪ ದನಿ. ಅವಸರ ಇಲ್ಲ. ಈಗಿನ ಟಿವಿಯವರ ಹಾಗೆ ಸುದ್ದಿಯ ಮೇಲೆ ಹತ್ತಿ ಕೂರುವುದಿಲ್ಲ. ವಿಮಾನ ಬಿದ್ದದ್ದನ್ನೂ ಮಂತ್ರಿ ಸೇತುವೆ ಉದ್ಘಾಟಿಸಿದ್ದನ್ನೂ ಒಂದೇ ಮಟ್ಟದಲ್ಲಿ ಓದುತ್ತಿದ್ದರು. ಆದರೆ ದುಃಖದ ಸುದ್ದಿಯ ಕೊನೆಗೆ ಒಂದು ಸಣ್ಣ ಬಿಡುವು. ಅದು ಮುಗಿದೇ ಮುಂದಿನ ಸುದ್ದಿ. ಆ ಬಿಡುವಿನಲ್ಲಿ ಅಜ್ಜ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸುತ್ತಿದ್ದರು. ನಾವು ಮಕ್ಕಳು ಏನಾದರೂ ಹೇಳಲು ಹೋದರೆ, "ಬೊಬ್ಬೆ ಹಾಕೆಡಿ, ವಾರ್ತೆ ಬತ್ತಾ ಇದ್ದು" ಅಂತ ಗದರುವುದು.

ನಿಮಗೆ ವಿಚಿತ್ರ ಅನ್ನಿಸಬಹುದಾದ ಸಂಗತಿ ಒಂದಿದೆ. ನಮ್ಮ ಅಜ್ಜ ಕಟ್ಟಾ ಕನ್ನಡ ಹೋರಾಟದವರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಹೇಳಿತಲ್ಲ, ಆ ವರದಿಯ ಮಾತು ಬಂದರೆ ಊಟ ತಣ್ಣಗಾದರೂ ಏಳುತ್ತಿರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಭಾಷಣ ಎಲ್ಲಿದ್ದರೂ ನಡೆದೇ ಹೋಗುವವರು. ಅಂಥವರು ದಿನಾ ಬೆಳಗ್ಗೆ ಮಲಯಾಳಂ ವಾರ್ತೆ ಕೇಳುವುದೆಂದರೆ ಕೆಲವರಿಗೆ ತಮಾಷೆ. ಒಬ್ಬ ನೆಂಟರು ಕೇಳಿಯೂ ಕೇಳಿದರು. ಅಜ್ಜ ಅಂದದ್ದು, "ಎನಗೆ ಕೋಪ ಇಪ್ಪದು ಸರಕಾರದ ಮೇಲೆ. ಗೋಪನ್ ಎಂತ ಮಾಡಿದ್ದ?"

ಆ ಕೇಳ್ಮೆ ಉಪಯೋಗಕ್ಕೂ ಬಂತು. ಒಮ್ಮೆ ಒಂದು ಸರಕಾರಿ ಕಚೇರಿಯಿಂದ ಜಾಗದ ವಿಷಯದಲ್ಲಿ ನೋಟೀಸು ಬಂತು. ಪೂರ್ತಿ ಮಲಯಾಳಂ. ಇಲ್ಲಿನ ಕನ್ನಡಿಗರಿಗೆ ಕನ್ನಡದಲ್ಲಿ ಕಾಗದ ಕೊಡಬೇಕು ಅಂತ ಆದೇಶಗಳಿವೆ, ಆದರೆ ಬರುವುದು ಹೀಗೆಯೇ. ಅಜ್ಜನಿಗೆ ಮಲಯಾಳಂ ಲಿಪಿ ಒಂದಕ್ಷರ ಬಾರದು. ನೋಟೀಸನ್ನು ಬೆಳಕಿಗೆ ಹಿಡಿದು ಮುದ್ರೆ ನೋಡಿದರು, ತಾರೀಕು ನೋಡಿದರು, ಮಡಚಿದರು. ಆಮೇಲೆ ಪಕ್ಕದ ತೋಟದ ಮಲಯಾಳಿ ಹುಡುಗನನ್ನು ಕರೆದು ಓದಲು ಕೂರಿಸಿದರು. ಅವನು ಶಾಲೆಯಲ್ಲಿ ಪಾಠ ಓದಿದಂತೆ ಒಂದೇ ಉಸಿರಿಗೆ ಓದಿದ. ಅಜ್ಜನಿಗೆ ತಲೆಬುಡ ಆಗಲಿಲ್ಲ. "ಮೆಲ್ಲ ಓದು ಮಾರಾಯ, ಗೋಪನ್ ಓದುನ ಲೆಕ್ಕ" ಅಂದರು ತುಳುವಿನಲ್ಲಿ. ಹುಡುಗನಿಗೂ ಗೋಪನ್ ಗೊತ್ತಲ್ವಾ! ಎದೆ ಸೆಟೆಸಿ, ದನಿ ದಪ್ಪ ಮಾಡಿ, ಮೊದಲಿಗೆ "ಆಕಾಶವಾಣಿ" ಅಂತಲೂ ಸೇರಿಸಿ ಓದಿದ. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಅಜ್ಜ ಮಾತ್ರ ಕಣ್ಣು ಮುಚ್ಚಿ ಕೇಳಿ, ಎಲ್ಲಿಗೆ ಹೋಗಬೇಕು, ಎಷ್ಟು ದಿನದೊಳಗೆ, ಯಾವ ಕಾಗದ ಒಯ್ಯಬೇಕು, ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದರು. ಸರಕಾರದ ಕಾಗದದ ಮಲಯಾಳಂ ಅಂದರೆ ವಾರ್ತೆಯ ಮಲಯಾಳಂ ತಾನೇ. ಪೇಟೆಯ ಮಾತಿನಲ್ಲಿ ಅದು ಸಿಗುವುದಿಲ್ಲ.

ಅದರ ಉಲ್ಟಾ ನನಗೆ ಆಯಿತು. ಕೆಲಸಕ್ಕೆ ಅಂತ ತಿರುವನಂತಪುರಕ್ಕೆ ಹೋದ ಹೊಸತರಲ್ಲಿ ನಾನು ಬಾಯಿ ಬಿಟ್ಟರೆ ಸಾಕು, ಲಾಡ್ಜಿನವನಿಗೆ ನಗು. ಕಾಸರಗೋಡಿನ ಮಲಯಾಳಂ ಅವರಿಗೆ ಹೇಗೂ ತಮಾಷೆ. ನನ್ನದರಲ್ಲಿ ಅರ್ಧ ಪೇಟೆಯದ್ದು, ಅರ್ಧ ರೇಡಿಯೋದ್ದು. ಸಚಿವ ಸಂಪುಟ ವಿಸ್ತರಣೆ, ತುಟ್ಟಿಭತ್ಯೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಇದನ್ನೆಲ್ಲ ನಾನು ಅಚ್ಚ ಮಲಯಾಳಂನಲ್ಲಿ ಹೇಳಬಲ್ಲೆ. ಹಾಸಿಗೆಗೆ ಇನ್ನೊಂದು ಹೊದಿಕೆ ಕೊಡಿ ಅಂತ ಕೇಳಲು ಕೈಸನ್ನೆ ಬೇಕಾಯಿತು. "ಸಾರ್, ನೀವು ವಾರ್ತೆ ಓದಿದ ಹಾಗೆ ಮಾತಾಡುತ್ತೀರಿ" ಅಂದ ಅವನು. ನಾನು ಯಾರಿಂದ ಕಲಿತದ್ದು ಅಂತ ಹೇಳಿದೆ. ಅವತ್ತಿನಿಂದ ನನ್ನನ್ನು ಕಂಡರೆ "ಗೋಪನ್ ಸಾರ್" ಅನ್ನುತ್ತಿದ್ದ.

1984ರ ಅಕ್ಟೋಬರ್ 31ರ ಬಗ್ಗೆ ನಮ್ಮ ಕಡೆಯ ಹಳಬರೆಲ್ಲ ಹೇಳುತ್ತಾರೆ. ಇಂದಿರಾ ಗಾಂಧಿಗೆ ಬೆಳಗ್ಗೆ ಗುಂಡು ಬಿತ್ತು. ಹೊರದೇಶದ ರೇಡಿಯೋಗಳು ಹಗಲಲ್ಲೇ ಸಾವಿನ ಸುದ್ದಿ ಕೊಟ್ಟರೂ ಆಕಾಶವಾಣಿ ಸಂಜೆಯವರೆಗೆ ಬಾಯಿ ಬಿಡಲಿಲ್ಲ. ನಮ್ಮಲ್ಲಿ ಅಡಕೆ ಸುಲಿಯುವವರು ಕುಳಿತಿದ್ದರು. ಬಿಬಿಸಿ ಕೇಳಿದವರೊಬ್ಬರು ಪೇಟೆಯಿಂದ ಬಂದು ಹೇಳಿದರು. ಯಾರೂ ನಂಬಲಿಲ್ಲ. "ಆಕಾಶವಾಣಿ ಹೇಳಲಿ" ಅಂದರು. ತಡವಾದದ್ದು ಸರಿ ಅಂತ ನಾನು ಹೇಳುವುದಿಲ್ಲ, ಸರಕಾರದ ರೇಡಿಯೋದ ಕಟ್ಟುಪಾಡು ಅದು. ಆದರೆ ಆ ದನಿಗಳು ಹೇಳದೆ ಸುದ್ದಿ ಸುದ್ದಿಯಾಗುವುದಿಲ್ಲ ಅನ್ನುವಷ್ಟು ನಂಬಿಕೆ ಇತ್ತು ಅನ್ನುವುದಂತೂ ನಿಜ.

ರೇಡಿಯೋ ಹೋಗಿ ಟಿವಿ ಬಂದ ಮೇಲೆ ಹುಟ್ಟಿದವರಿಗೂ ಗೋಪನ್ ದನಿ ಗೊತ್ತು, ಅವರ ಹೆಸರು ಗೊತ್ತಿಲ್ಲದಿದ್ದರೂ. ಕೇರಳದ ಥಿಯೇಟರುಗಳಲ್ಲಿ ಸಿನಿಮಾಕ್ಕೆ ಮುಂಚೆ ತಂಬಾಕಿನ ಜಾಹೀರಾತು ಬರುತ್ತಿತ್ತಲ್ಲ, ಶ್ವಾಸಕೋಶವನ್ನು ಸ್ಪಂಜಿನ ಹಾಗೆ ತೋರಿಸಿ ಹಿಂಡಿ ಡಾಂಬರು ಇಳಿಸುವುದು, ಅದರ ಮಲಯಾಳಂ ದನಿ ಇವರದೇ. ಕಾಸರಗೋಡಿನ ಥಿಯೇಟರಿನಲ್ಲಿ ಹುಡುಗರು ಅದರ ಜತೆಗೇ ಬೊಬ್ಬೆ ಹೊಡೆದು ಹೇಳುವುದನ್ನು ಕೇಳಿದ್ದೇನೆ. ನನ್ನ ಮಗನಿಗೆ ಈ ದನಿಯಿಂದಲೇ ನಾನು ಮಲಯಾಳಂ ಕಲಿತದ್ದು ಅಂದಾಗ, "ಬೀಡಿ ಬಗ್ಗೆ ಮಾತ್ರವಾ?" ಅಂತ ಕೇಳಿದ.

ಗೋಪನ್ ಬಗ್ಗೆ ಹೇಳಿದ ಮೇಲೆ ಇನ್ನೊಬ್ಬರ ಹೆಸರನ್ನೂ ಹೇಳಬೇಕು. ಎಂ. ರಾಮಚಂದ್ರನ್. ಇವರು ದಿಲ್ಲಿಯಲ್ಲಿ ಶುರು ಮಾಡಿ ಕಲ್ಲಿಕೋಟೆಗೆ, ತಿರುವನಂತಪುರಕ್ಕೆ ಬಂದು ಅಲ್ಲಿಂದ ಪ್ರಾದೇಶಿಕ ವಾರ್ತೆ ಓದಿದವರು. 2024ರ ಅಕ್ಟೋಬರಿನಲ್ಲಿ ಹೋದರು. ಅವರ ಕೌತುಕ ವಾರ್ತೆಗಳು ಅಂದರೆ ನಮಗೆ ಮಕ್ಕಳಿಗೆ ಪ್ರಾಣ. ಲೋಕದ ಚಿತ್ರವಿಚಿತ್ರ ಸುದ್ದಿಗಳನ್ನು ಹೆಕ್ಕಿ, ಕತೆ ಹೇಳುವ ಹಾಗೆ ಏರಿಳಿಸಿ ಓದುತ್ತಿದ್ದರು. ಅಜ್ಜನಿಗೆ ಅದು ಅಷ್ಟಕ್ಕಷ್ಟೆ. ವಾರ್ತೆ ವಾರ್ತೆಯ ಹಾಗೆ ಇರಬೇಕು ಅನ್ನುವ ಪಕ್ಷ ಅವರದು. ನನಗೆ ಕೇಳಿದರೆ, ನಗಿಸಿ ಓದುವುದು ಕಷ್ಟದ ಕೆಲಸ, ರಾಮಚಂದ್ರನ್ ಅದರಲ್ಲಿ ಪಳಗಿದವರು. ಆದರೆ ನೋಟೀಸು ಓದಿಸಲು ಗೋಪನ್ನೇ ಬೇಕು.

ಒಂದು ಕುತೂಹಲ ನನಗೂ ಇದೆ. ತಮಿಳುನಾಡಿನ ತಾಳವಾಡಿ, ಹೊಸೂರು ಕಡೆಯ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದೀರಾ? ನಿಮಗೆ 7.15ಕ್ಕೆ ತಮಿಳು ಇತ್ತು. ತಮಿಳು ವಾರ್ತೆ ಓದುತ್ತಿದ್ದ, 2022ರಲ್ಲಿ ತೀರಿಕೊಂಡ ಸರೋಜ್ ನಾರಾಯಣಸ್ವಾಮಿ ಅವರ ದನಿ ನಿಮ್ಮ ಮನೆಯಲ್ಲೂ ಇದ್ದಿರಬೇಕು. ಆದರೆ ನಿಮ್ಮಲ್ಲಿ ತಮಿಳಿಗೂ ಕನ್ನಡಕ್ಕೂ ನಡುವೆ ಹತ್ತು ನಿಮಿಷ ಮಲಯಾಳಂ ಬರುತ್ತಿತ್ತು. ಆ ಹತ್ತು ನಿಮಿಷ ರೇಡಿಯೋ ಆರಿಸುತ್ತಿದ್ದಿರಾ, ಅಥವಾ ಮುಳ್ಳನ್ನು ಬೇರೆಲ್ಲಿಗಾದರೂ ತಿರುಗಿಸುತ್ತಿದ್ದಿರಾ? ಗೊತ್ತಿರುವವರು ಬರೆಯಿರಿ.