ರಾಜನನ್ನು ನುಂಗುವ ಬೂದು ತೋಳವನ್ನು ಹೇಗೆ ಓದಬೇಕು?

ಬೆಸಿಲ್ ವ್ಯಾಲೆಂಟೈನ್ ಎಂಬ ರಸವಾದಿಯ (ಲೋಹಗಳನ್ನು ಚಿನ್ನವಾಗಿಸಲು ಹೊರಟ ವಿದ್ಯೆಯವನ) ಹೆಸರಿನಲ್ಲಿ 1599ರಲ್ಲಿ ಪ್ರಕಟವಾದ ‘ಹನ್ನೆರಡು ಕೀಲಿಕೈಗಳು’ ಕೃತಿಯ ಬೂದು ತೋಳ ಆಂಟಿಮನಿ ಎಂಬ ಖನಿಜವೋ, ಆತ್ಮಶುದ್ಧಿಯ ರೂಪಕವೋ ಎಂದು ಕೇಳಿದ್ದೀರಿ. ಇಂಥ ಮಾತುಗಳನ್ನು ಮೊದಲು ಕುಲುಮೆಯ ಪಕ್ಕದಲ್ಲಿ ನಿಂತು ಓದಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಸಿದ ತೋಳದ ಮುಂದೆ ರಾಜನ ದೇಹವನ್ನು ಎಸೆಯಬೇಕು, ಅದು ತಿಂದ ಮೇಲೆ ತೋಳವನ್ನು ದೊಡ್ಡ ಬೆಂಕಿಯಲ್ಲಿ ಸುಡಬೇಕು, ಆಗ ರಾಜನಿಗೆ ಬಿಡುಗಡೆ. ಹೀಗೆ ಮೂರು ಬಾರಿ ಮಾಡಬೇಕು ಎನ್ನುತ್ತದೆ ಆ ಪಠ್ಯ. ರಾಜನೆಂದರೆ ಚಿನ್ನ. ಆಂಟಿಮನಿ ಎಂದು ಆಗ ಕರೆಯುತ್ತಿದ್ದದ್ದು ಇಂದಿನ ಶುದ್ಧ ಧಾತುವನ್ನಲ್ಲ, ಗಂಧಕದೊಡನೆ ಕೂಡಿದ ಅದರ ಬೂದು ಅದಿರಾದ ಸ್ಟಿಬ್ನೈಟನ್ನು. ಬೆಳ್ಳಿ, ತಾಮ್ರ ಬೆರೆತ ಚಿನ್ನವನ್ನು ಈ ಅದಿರಿನೊಡನೆ ಮೂಸೆಯಲ್ಲಿ ಕರಗಿಸಿದರೆ ಗಂಧಕವು ಆ ಬೆರಕೆಯನ್ನು ಹಿಡಿದುಕೊಂಡು ಮೇಲೆ ತೇಲುತ್ತದೆ, ಬಿಡಿಯಾದ ಆಂಟಿಮನಿ ಲೋಹವು ಚಿನ್ನವನ್ನು ಸೇರಿಕೊಂಡು ತಳಕ್ಕಿಳಿಯುತ್ತದೆ. ತಳದ ಗಟ್ಟಿಯನ್ನು ಗಾಳಿಯಾಡುವಂತೆ ಬಲವಾಗಿ ಕಾಯಿಸಿದಾಗ ಆಂಟಿಮನಿ ಬಿಳಿ ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತದೆ. ತೋಳವನ್ನು ‘ಶನಿಯ ಮಗ’ ಎಂದಿರುವುದೂ ಇದಕ್ಕೆ ಹೊಂದುತ್ತದೆ, ಏಕೆಂದರೆ ಶನಿ ಸೀಸದ ಗ್ರಹ ಮತ್ತು ಆಂಟಿಮನಿಯನ್ನು ಸೀಸದ ಬಂಧುವೆಂದೇ ಎಣಿಸುತ್ತಿದ್ದರು.

ರಸವಾದಿಗಳು ಹೇಳುವ ಗಂಧಕ, ಪಾದರಸ, ಉಪ್ಪು ಎಂಬ ತತ್ತ್ವಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಹದಿನಾರನೆಯ ಶತಮಾನದ ವೈದ್ಯ ಪ್ಯಾರಾಸೆಲ್ಸಸ್‌ನ ಪರಂಪರೆಯಲ್ಲಿ ಗಂಧಕ ಉರಿಯುವ ಗುಣ, ಪಾದರಸ ಹರಿಯುವ ಮತ್ತು ಆವಿಯಾಗುವ ಗುಣ, ಉಪ್ಪು ಬೆಂಕಿಗೆ ಜಗ್ಗದೆ ಉಳಿಯುವ ಗುಣ. ಆದ್ದರಿಂದ ‘ಆಂಟಿಮನಿಯ ಪಾದರಸ’ ಎಂದಲ್ಲಿ ಉಷ್ಣಮಾಪಕದೊಳಗಿನ ದ್ರವವನ್ನು ಊಹಿಸಬಾರದು. ನಮ್ಮ ರಸಶಾಸ್ತ್ರದಲ್ಲಿ ಪಾರದ (ಪಾದರಸ) ಶಿವನದು, ಗಂಧಕ ಪಾರ್ವತಿಯದು ಎಂಬ ಮಾತಿರುವುದರಿಂದ ಎರಡೂ ಪರಂಪರೆಗಳನ್ನು ಒಂದೇ ಎಂದು ಓದುವ ಆಸೆ ಹುಟ್ಟುವುದು ಸಹಜ. ಆದರೆ ಅದು ಬೇರೆ ಪರಂಪರೆ, ಅದರ ತರ್ಕವೂ ಬೇರೆ.

ಅಕ್ಷರಶಃ ಓದುವುದರ ಫಲಕ್ಕೆ ಒಳ್ಳೆಯ ನಿದರ್ಶನವೊಂದಿದೆ. ಅದೇ ಲೇಖಕನ ಹೆಸರಿನಲ್ಲಿ 1604ರಲ್ಲಿ ಬಂದ ಆಂಟಿಮನಿಯ ಗ್ರಂಥದಲ್ಲಿ ಹೊಂಬಣ್ಣದ ಗಾಜನ್ನು ಮಾಡುವ ವಿಧಾನವಿದೆ. ಇತಿಹಾಸಕಾರ ಲಾರೆನ್ಸ್ ಪ್ರಿನ್ಸಿಪೆ ಶುದ್ಧ ರಾಸಾಯನಿಕದಿಂದ ಅದನ್ನು ಮಾಡಹೊರಟಾಗ ಗಾಜು ಸಿದ್ಧಿಸಲಿಲ್ಲ. ಪಠ್ಯವು ಹಂಗೇರಿಯ ಆಂಟಿಮನಿಯನ್ನೇ ಹೇಳಿತ್ತು. ಪೂರ್ವ ಯುರೋಪಿನ ಅದಿರನ್ನು ತರಿಸಿ ಮಾಡಿದಾಗ ಗಾಜು ಬಂತು, ಏಕೆಂದರೆ ಆ ಅದಿರಿನಲ್ಲಿ ಸಹಜವಾಗಿಯೇ ಸ್ವಲ್ಪ ಸಿಲಿಕಾ (ಗಾಜಿಗೆ ಬೇಕಾಗುವ ಮರಳಿನ ಅಂಶ) ಇತ್ತು. ಅಲಂಕಾರವೆನಿಸಬಹುದಾಗಿದ್ದ ನಾಡಿನ ಹೆಸರೇ ಅಲ್ಲಿ ಮುಖ್ಯ ಸೂಚನೆಯಾಗಿತ್ತು.

ಆಧ್ಯಾತ್ಮಿಕ ಅರ್ಥವನ್ನು ನಾನು ತಳ್ಳಿಹಾಕುವುದಿಲ್ಲ. ಆ ಬರಹಗಾರರಲ್ಲಿ ಅನೇಕರು ಭಕ್ತರು, ಲೋಹದ ಶುದ್ಧಿಯಲ್ಲಿ ದೇವರ ಕಾರ್ಯವನ್ನು ಕಂಡವರು. ಆದರೆ ಬಣ್ಣ, ಸ್ಥಳ, ಎಷ್ಟು ಬಾರಿ ಎಂಬ ವಿವರಗಳನ್ನು ವಿವರಿಸಲಾಗದ ವ್ಯಾಖ್ಯಾನವನ್ನು, ಅದು ಎಷ್ಟೇ ಸೊಗಸಾಗಿದ್ದರೂ, ನಾನು ಒಪ್ಪಲಾರೆ.