ಮುಂದಿನ ಗಾಜು ಬದಲಿಸುವ ಮುನ್ನ: ಐಷಾರಾಮಿ ಎಲೆಕ್ಟ್ರಿಕ್ ಕಾರು, ಓದುಗರ ಪ್ರಶ್ನೆಗಳು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ದುಬಾರಿ ಎಲೆಕ್ಟ್ರಿಕ್ ಕಾರುಗಳ ಮುಂದಿನ ಗಾಜಿನ ಬಗ್ಗೆಯೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮೈಸೂರು ಹೆದ್ದಾರಿಯಲ್ಲಿ ಜಲ್ಲಿ ತುಂಬಿದ ಟಿಪ್ಪರ್‌ನಿಂದ ಕಲ್ಲು ಸಿಡಿದು, ನಮ್ಮ ವೋಲ್ವೊ ಎಕ್ಸ್‌ಸಿ40 ರೀಚಾರ್ಜ್ ಕಾರಿನ ಗಾಜಿನಲ್ಲಿ ನಕ್ಷತ್ರದಂಥ ಬಿರುಕಾಗಿದೆ. ಒಳಗನ್ನಡಿಯ ಹಿಂದೆ, ಕಪ್ಪು ಚುಕ್ಕೆಗಳ ಭಾಗದ ಪಕ್ಕದಲ್ಲೇ ಇದೆ. ರಿಪೇರಿ ಸಾಕೇ, ಗಾಜನ್ನೇ ಬದಲಿಸಬೇಕೇ? — ಕೆಂಗೇರಿಯ ಓದುಗರು

ಬದಲಿಸಬೇಕು. ಮುಂದಿನ ಗಾಜೆಂದರೆ ಎರಡು ಹಾಳೆ ಗಾಜು, ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ. ಪದರದ ದಪ್ಪ ಸಾಮಾನ್ಯವಾಗಿ 0.76 ಮಿ.ಮೀ. ಕಲ್ಲೇಟು ಹೊರಗಿನ ಹಾಳೆಯಲ್ಲೇ ನಿಂತಿದ್ದರೆ ಅದಕ್ಕೆ ರಾಳ ತುಂಬಿ, ನೇರಳಾತೀತ ದೀಪದಡಿ ಗಟ್ಟಿ ಮಾಡಬಹುದು. ಆದರೆ ರಾಳ ತುಂಬಿದ ಜಾಗದಲ್ಲಿ ಬೆಳಕು ತುಸು ಬೇರೆ ರೀತಿ ಬಾಗುತ್ತದೆ. ನಮ್ಮ ಕಣ್ಣಿಗೆ ಅದು ಸಣ್ಣ ಮಚ್ಚೆ, ಗಾಜಿನ ಹಿಂದೆ ಕೂತ ಕ್ಯಾಮೆರಾಗೆ ಹಾಗಲ್ಲ. ನೀವು ಹೇಳುವ ಜಾಗ ಕ್ಯಾಮೆರಾ ರಸ್ತೆಯನ್ನು ನೋಡುವ ಕಿಟಕಿ. ಅಲ್ಲಿ ರಿಪೇರಿ ಮಾಡಿಸಲೇಬಾರದು. ಚಾಲಕರ ನೇರ ದೃಷ್ಟಿಯ ಭಾಗ, ಗಾಜಿನ ಅಂಚು, ಒಳಹಾಳೆಯವರೆಗೆ ಇಳಿದ ಏಟು, ಇವಕ್ಕೂ ಇದೇ ಮಾತು. ಬೇರೆ ಕಡೆ, ಒಂದು ರೂಪಾಯಿ ನಾಣ್ಯದೊಳಗೆ ಅಡಗುವ ಏಟಾದರೆ ರಿಪೇರಿಯೇ ಒಳ್ಳೆಯದು. ಕಾರ್ಖಾನೆಯಲ್ಲಿ ಹಾಕಿದ ಅಂಟನ್ನು ಕಾರಣವಿಲ್ಲದೆ ಕತ್ತರಿಸಬಾರದು.

ಗಾಜು ಬರುವವರೆಗೆ ಈ ಕ್ಯಾಮೆರಾ ನಂಬಿ ನಡೆಯುವ ಲೇನ್ ಸಹಾಯ (ಕಾರನ್ನು ಲೇನಿನೊಳಗೇ ಹಿಡಿದಿಡುವುದು) ಮತ್ತು ಅಡಾಪ್ಟಿವ್ ಕ್ರೂಸ್ (ಮುಂದಿನ ವಾಹನಕ್ಕೆ ತಕ್ಕಂತೆ ವೇಗ ಹೊಂದಿಸುವುದು) ಬಳಸಬೇಡಿ. ಬಿಸಿಲಲ್ಲಿ ನಿಂತ ಕಾರಿಗೆ ಮೊಬೈಲ್‌ನಿಂದಲೇ ಎಸಿ ಹಾಕುವ ಅಭ್ಯಾಸ ಇ-ಕಾರು ಇರುವವರಿಗೆಲ್ಲ ಇದೆ. ಕಾದ ಗಾಜಿಗೆ ತಣ್ಣನೆಯ ಗಾಳಿ ನೇರವಾಗಿ ಬಡಿದರೆ ಸಣ್ಣ ನಕ್ಷತ್ರ ಒಂದೇ ಮಧ್ಯಾಹ್ನದಲ್ಲಿ ಅಡ್ಡಗೆರೆಯಾಗಿ ಓಡುತ್ತದೆ. ಗಾಳಿಯನ್ನು ಕಾಲಿನ ಕಡೆಗೆ ತಿರುಗಿಸಿಡಿ.

ಪ್ರಶ್ನೆ: ಕಂಪನಿ ಸರ್ವೀಸ್ ಸೆಂಟರ್ ಹೇಳಿದ ದರದ ಅರ್ಧಕ್ಕೆ ಹೊರಗಿನ ಅಂಗಡಿಯವರು ಅದೇ ಅಳತೆಯ ಗಾಜು ಕೂರಿಸಿಕೊಡುತ್ತಾರಂತೆ. ಅಳತೆ ಒಂದೇ ಆದರೆ ವ್ಯತ್ಯಾಸ ಏನು? — ಹುಬ್ಬಳ್ಳಿಯ ಓದುಗರು

ಅಳತೆ ಒಂದೇ ಇದ್ದರೂ ಗಾಜು ಒಂದೇ ಅಲ್ಲ. ಒಂದೇ ಮಾದರಿಯ ಕಾರಿಗೆ ಮೂರು ನಾಲ್ಕು ಬಗೆಯ ಗಾಜುಗಳಿರುತ್ತವೆ. ಹೆಡ್-ಅಪ್ ಡಿಸ್‌ಪ್ಲೇ (ವೇಗ ಮುಂತಾದವನ್ನು ಮುಂದಿನ ಗಾಜಿನ ಮೇಲೆ ಬಿಂಬಿಸಿ ತೋರಿಸುವ ವ್ಯವಸ್ಥೆ) ಇರುವ ಕಾರಿಗೆ ಪಿವಿಬಿ ಪದರವೇ ಬೇರೆ. ಅದು ಕೆಳಗೆ ತೆಳು, ಮೇಲೆ ಹೋದಂತೆ ತುಸುವೇ ಹೆಚ್ಚು ದಪ್ಪ. ಒಳಮೈ ಮತ್ತು ಹೊರಮೈಯಿಂದ ಪ್ರತಿಫಲಿಸುವ ಎರಡು ಬಿಂಬಗಳನ್ನು ಒಂದರ ಮೇಲೊಂದು ಕೂರಿಸುವುದು ಈ ಬೆಣೆಯಾಕಾರ. ಸಾಮಾನ್ಯ ಗಾಜು ಹಾಕಿದರೆ ವೇಗದ ಅಂಕಿ ಎರಡೆರಡಾಗಿ ಕಾಣುತ್ತದೆ. ಯಾವ ಸೆಟ್ಟಿಂಗ್‌ನಿಂದಲೂ ಅದು ಸರಿಹೋಗದು, ಗಾಜನ್ನು ಮತ್ತೆ ತೆಗೆಯಬೇಕು.

ಎರಡನೆಯದು ಸದ್ದು ತಡೆಯುವ ಪದರ. ಎಂಜಿನ್ ಸದ್ದೇ ಇಲ್ಲದ ಕಾರಿನಲ್ಲಿ ಗಾಳಿಯ ಸದ್ದು ಎದ್ದು ಕೇಳುತ್ತದೆ. ಹಾಗಾಗಿ ಈ ಪದರವಿಲ್ಲದ ಗಾಜು ಹಾಕಿದ್ದು 80 ಕಿ.ಮೀ. ವೇಗದಲ್ಲೇ ಗೊತ್ತಾಗುತ್ತದೆ. ಮೂರನೆಯದು ಶಾಖ ತಡೆಯುವ ಲೋಹದ ಲೇಪ. ಇದಿಲ್ಲದಿದ್ದರೆ ಎಸಿಗೆ ಹೆಚ್ಚು ಕೆಲಸ, ಬ್ಯಾಟರಿಯಿಂದ ಹೆಚ್ಚು ವಿದ್ಯುತ್ತು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಕ್ಯಾಮೆರಾ ಕೂರುವ ಬ್ರಾಕೆಟ್. ಅದನ್ನು ಗಾಜಿನ ತಯಾರಕರೇ ಅಂಟಿಸಿರಬೇಕು. ಹಳೆಯ ಗಾಜಿನಿಂದ ಕಿತ್ತು ಹೊಸದಕ್ಕೆ ಅಂಟಿಸುತ್ತೇವೆ ಎಂದರೆ ಆ ಅಂಗಡಿಯಿಂದ ಕಾರು ಹೊರಗೆ ತನ್ನಿ.

ಆರ್ಡರ್ ಕೊಡುವಾಗ ಮಾದರಿಯ ಹೆಸರು ಸಾಲದು. ಆರ್‌ಸಿಯಲ್ಲಿರುವ 17 ಅಕ್ಷರಗಳ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಹಳೆಯ ಗಾಜಿನ ಕೆಳಮೂಲೆಯಲ್ಲಿ ಅಚ್ಚಾಗಿರುವ ಗುರುತುಗಳ ಫೋಟೊ ತೆಗೆದಿಟ್ಟುಕೊಂಡು ಹೊಸದರ ಜೊತೆ ಹೋಲಿಸಿ. ಸುರಕ್ಷತಾ ಗಾಜಿಗಿರುವ ಐಎಸ್ 2553 ಮಾನದಂಡದ ಐಎಸ್‌ಐ ಗುರುತನ್ನೂ ನೋಡಿ. ಎಲ್ಲವೂ ಹೊಂದಿಕೆಯಾದರೆ ಹೊರಗಿನ ಅಂಗಡಿಯಾದರೂ ತೊಂದರೆಯಿಲ್ಲ. ಆದರೆ ಅವರ ಬಳಿ ಕ್ಯಾಲಿಬ್ರೇಷನ್ (ಗಾಜು ಬದಲಾದ ಮೇಲೆ ಕ್ಯಾಮೆರಾದ ನೋಟವನ್ನು ಮತ್ತೆ ಸರಿಹೊಂದಿಸುವುದು) ಉಪಕರಣ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ಕೆಲಸ ನಡೆಯುವಾಗ ಎದುರಲ್ಲೇ ನಿಲ್ಲಬೇಕೆಂದಿದ್ದೇನೆ. ಯಾವ ಹಂತದಲ್ಲಿ ಏನು ನೋಡಬೇಕು? ಹೈ-ವೋಲ್ಟೇಜ್ ಅಪಾಯ ಉಂಟೇ? — ಜಯನಗರದ ಓದುಗರು

ಹೈ-ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್‌ಗಳು ಗಾಜಿನ ಅಂಚಿನಲ್ಲಿ ಹಾದುಹೋಗುವುದಿಲ್ಲ, ಈ ಕೆಲಸದಲ್ಲಿ ಅವನ್ನು ಮುಟ್ಟುವ ಪ್ರಸಂಗವೂ ಬರುವುದಿಲ್ಲ. ಎಚ್ಚರಿಕೆ ಬೇಕಾಗಿರುವುದು ಬೇರೆ ಕಡೆ. ಇ-ಕಾರು ನಿಂತಲ್ಲೇ ತಾನಾಗಿ ಎಚ್ಚೆತ್ತುಕೊಳ್ಳುತ್ತದೆ, ವೈಪರ್ ತಿರುಗಬಹುದು. ಚಾರ್ಜರ್ ಕಳಚಿ, ಮೊಬೈಲ್ ಆ್ಯಪ್‌ನಲ್ಲಿರುವ ಎಸಿ ವೇಳಾಪಟ್ಟಿ ತೆಗೆದು, ಕೀಲಿಯನ್ನು ದೂರ ಇಟ್ಟು, ವೈಪರನ್ನು ಸರ್ವೀಸ್ ಸ್ಥಾನಕ್ಕೆ ತಂದ ಮೇಲೆಯೇ ಕೆಲಸ ಶುರುವಾಗಬೇಕು. ಗಾಜಿನ ಪಕ್ಕದ ಕಂಬದ ಒಳಹೊದಿಕೆಯ ಹಿಂದೆ ಕರ್ಟನ್ ಏರ್‌ಬ್ಯಾಗ್ (ಪಕ್ಕದ ಕಿಟಕಿಗಳ ಮೇಲೆ ಪರದೆಯಂತೆ ಇಳಿಯುವ ಏರ್‌ಬ್ಯಾಗ್) ಇರುತ್ತದೆ. ಅದನ್ನು ಬಿಚ್ಚುವುದಾದರೆ ಕಂಪನಿಯ ಕೈಪಿಡಿ ಹೇಳಿದಂತೆ 12 ವೋಲ್ಟ್ ಸಂಪರ್ಕ ತಪ್ಪಿಸಿ, ಹೇಳಿದಷ್ಟು ಹೊತ್ತು ಕಾಯಬೇಕು. ಹಲವು ಕಾರುಗಳಲ್ಲಿ ಆ ಹೊದಿಕೆಯ ಕ್ಲಿಪ್ ಒಂದೇ ಬಾರಿಯ ಬಳಕೆಗೆ. ಹೊಸ ಕ್ಲಿಪ್ ತಂದಿದ್ದಾರೆಯೇ ಎಂದು ಕೇಳಿ.

ಹಳೆಯ ಗಾಜು ಬಿಡಿಸಲು ಚಾಕುವಿಗಿಂತ ತಂತಿ ಅಥವಾ ಗಟ್ಟಿ ನಾರಿನ ದಾರ ವಾಸಿ. ಚಾಕು ಜಾರಿದರೆ ಬಾಡಿಯ ಅಂಚಿನ ಬಣ್ಣ ಕೀಸುತ್ತದೆ. ಆಗ ಏನೂ ತಿಳಿಯುವುದಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಅಂಟಿನಡಿ ತುಕ್ಕು ಹಬ್ಬಿ ಗಾಜು ಸಡಿಲವಾಗುತ್ತದೆ. ಗೀರು ಬಿದ್ದರೆ ಅಲ್ಲೇ ಪ್ರೈಮರ್ (ತುಕ್ಕು ತಡೆದು ಅಂಟು ಹಿಡಿಯಲು ನೆರವಾಗುವ ತಳಲೇಪ) ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಬೇಕು. ಅಲ್ಯುಮಿನಿಯಂ ಬಾಡಿಯಾದರೆ ವಿದ್ಯುತ್ ಹರಿಯದ ಬಗೆಯ ಅಂಟನ್ನೇ ಹಾಕಬೇಕು, ಇಲ್ಲವಾದರೆ ಲೋಹ ಸವೆಯುವುದಲ್ಲದೆ ಗಾಜಿನೊಳಗಿನ ಆಂಟೆನಾಗೂ ಅಡ್ಡಿ.

ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆಯುವುದು ತಪ್ಪು. ಅದು ಬಾಡಿಗೆ ಬಿಗಿಯಾಗಿ ಕಚ್ಚಿಕೊಂಡಿದ್ದರೆ 1ರಿಂದ 2 ಮಿ.ಮೀ. ದಪ್ಪ ಉಳಿಸಿ ಸಮನಾಗಿ ಕೊಯ್ಯಬೇಕು. ಹೊಸ ಯುರೆಥೇನ್ ಅಂಟು ಆಗಷ್ಟೇ ಕೊಯ್ದ ಹಳೆಯ ಅಂಟಿಗೆ ಹಿಡಿದಷ್ಟು ಗಟ್ಟಿಯಾಗಿ ಬೇರೆ ಯಾವುದಕ್ಕೂ ಹಿಡಿಯದು. ಕೊಯ್ದ ಮೇಲೆ ಅದನ್ನು ಬರಿಗೈಯಲ್ಲಿ ಮುಟ್ಟಬಾರದು, ಧೂಳು ಕೂರಬಾರದು. ಹೊಸ ಗಾಜಿನ ಕಪ್ಪು ಅಂಚಿಗೆ ಕ್ಲೀನರ್, ಆ್ಯಕ್ಟಿವೇಟರ್ (ಅಂಟು ಹಿಡಿಯುವಂತೆ ಗಾಜನ್ನು ಸಿದ್ಧಗೊಳಿಸುವ ದ್ರವ) ಅಥವಾ ಪ್ರೈಮರ್ ಹಚ್ಚುವಾಗ ಎಲ್ಲ ಸಾಮಗ್ರಿಯೂ ಒಂದೇ ಕಂಪನಿಯದಾಗಿರಲಿ. ಒಬ್ಬರ ಪ್ರೈಮರ್, ಇನ್ನೊಬ್ಬರ ಅಂಟು ಬೇಡ. ಟ್ಯೂಬಿನ ಮೇಲಿನ ಅವಧಿ ಮೀರುವ ದಿನಾಂಕವನ್ನು ನೀವೇ ಓದಿ. ಸಿಲಿಕೋನ್ ಟ್ಯೂಬ್ ಕಂಡರೆ ಕೆಲಸ ನಿಲ್ಲಿಸಿ, ಅದು ಸ್ನಾನದ ಮನೆಯ ಸಂದಿಗೆ ಹಚ್ಚುವ ವಸ್ತು.

ಅಂಟನ್ನು ತ್ರಿಕೋನಾಕಾರದಲ್ಲಿ, ಎಲ್ಲೂ ಕಡಿಯದಂತೆ ಒಂದೇ ಸಮನೆ ಎಳೆಯಬೇಕು. ಗಾಜಿನ ಸುತ್ತಳತೆ 5 ಮೀಟರ್, ಅಂಟಿನ ಅಗಲ 8, ಎತ್ತರ 12 ಮಿ.ಮೀ. ಎಂದಿಟ್ಟುಕೊಂಡರೆ 240 ಮಿ.ಲೀ. ಬೇಕು. ಅಗಲ 10, ಎತ್ತರ 14 ಆದರೆ 350. ಅಂದರೆ 300 ಮಿ.ಲೀ. ಆಸುಪಾಸಿನ ಒಂದೇ ಟ್ಯೂಬಿನಲ್ಲಿ ದೊಡ್ಡ ಗಾಜು ಮುಗಿಸಲು ಹೊರಟವರು ಕೊನೆಯ ಮೂಲೆಯಲ್ಲಿ ತೆಳುವಾಗಿ ಎಳೆಯುತ್ತಾರೆ. ನೀರು ಸೋರುವುದು ಅಲ್ಲೇ. ಎರಡನೆಯ ಟ್ಯೂಬ್ ಕೈಗೆಟುಕುವಂತಿರಲಿ. ಎಳೆದ ಅಂಟಿನ ಮೇಲ್ಮೈ ಚರ್ಮ ಕಟ್ಟುವ ಮೊದಲೇ ಇಬ್ಬರು ಹೀರುಬಟ್ಟಲು ಹಿಡಿದು ಗಾಜನ್ನು ಒಂದೇ ಸಲಕ್ಕೆ ಸರಿಯಾಗಿ ಕೂರಿಸಬೇಕು. ಕೂರಿಸಿ ಎತ್ತಿ ಮತ್ತೆ ಕೂರಿಸಿದರೆ ನಡುವೆ ಗಾಳಿಗುಳ್ಳೆ ಉಳಿಯುತ್ತದೆ.

ಪ್ರಶ್ನೆ: ಒಂದು ಗಂಟೆ ಬಿಟ್ಟು ಓಡಿಸಬಹುದು ಎಂದು ಒಬ್ಬರು, ಒಂದು ದಿನ ಬಿಡಬೇಕು ಎಂದು ಇನ್ನೊಬ್ಬರು. ಯಾವುದು ಸರಿ? — ಮಂಗಳೂರಿನ ಓದುಗರು

ಎರಡೂ ಸರಿಯಿರಬಹುದು, ಅಂಟಿನ ಹೆಸರು ಹೇಳದೆ ತೀರ್ಮಾನಿಸಲಾಗದು. ಪ್ರತಿ ಅಂಟಿಗೂ ಇಂತಿಷ್ಟು ಹೊತ್ತಿನ ನಂತರ ಓಡಿಸಿದರೆ ಸುರಕ್ಷಿತ ಎಂಬ ಲೆಕ್ಕ ಅದರ ಮಾಹಿತಿ ಪತ್ರದಲ್ಲಿರುತ್ತದೆ. ಅರ್ಧ ಗಂಟೆಯದೂ ಇದೆ, ಹಲವು ಗಂಟೆಗಳದೂ ಇದೆ. ಈ ಲೆಕ್ಕ ಗಾಜು ಬೀಳದಿರುವುದಕ್ಕಷ್ಟೇ ಅಲ್ಲ. ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಗಾಜಿಗೇ ಒರಗಿ ನಿಲ್ಲುತ್ತದೆ. ಅಂಟು ಹಸಿಯಿದ್ದರೆ ಗಾಜು ಹೊರಗೆ ಹಾರಿ ಏರ್‌ಬ್ಯಾಗ್ ಇದ್ದೂ ಇಲ್ಲದಂತೆ.

ಯುರೆಥೇನ್ ಗಟ್ಟಿಯಾಗುವುದು ಗಾಳಿಯ ತೇವ ಹೀರಿ. ಸಾಮಾನ್ಯ ಬಗೆಯದು 23 ಡಿಗ್ರಿ ಬಿಸಿ, ಶೇ 50 ತೇವದಲ್ಲಿ ಮೊದಲ 24 ಗಂಟೆಗೆ 3ರಿಂದ 4 ಮಿ.ಮೀ. ಆಳಕ್ಕೆ ಗಟ್ಟಿಯಾಗುತ್ತದೆ. ನಿಮ್ಮ ಊರಿನ ಸೆಕೆಯಲ್ಲಿ ಬೇಗ ಆದೀತು, ಆದರೆ ಅಂಟು ಎಳೆದು ಗಾಜು ಕೂರಿಸುವ ಸಮಯವೂ ಅಷ್ಟೇ ಕಡಿಮೆ. ಕಲಬುರಗಿಯ ಏಪ್ರಿಲ್‌ನ ಒಣ ಹವೆಯಲ್ಲಿ ಬಿಸಿಯಿದ್ದರೂ ಒಳಭಾಗ ನಿಧಾನ. ಬೇಗ ಒಣಗಲೆಂದು ಕಾರನ್ನು ಬಣ್ಣ ಒಣಗಿಸುವ ಓವನ್‌ಗೆ ನೂಕಲು ಬಿಡಬೇಡಿ. ಒಣ ಶಾಖದಿಂದ ಈ ಅಂಟಿಗೆ ಹೆಚ್ಚು ಲಾಭವಿಲ್ಲ, ಬ್ಯಾಟರಿಗಂತೂ ಅದು ಕೇಡೇ.

ಮೊದಲ ದಿನ ಒಂದು ಕಿಟಕಿ ಎರಡು ಬೆರಳಷ್ಟು ತೆರೆದಿರಲಿ. ಬಿಗಿ ಮುಚ್ಚಿದ ಕಾರಿನ ಬಾಗಿಲು ಜೋರಾಗಿ ಹಾಕಿದರೆ ಒಳಗಿನ ಗಾಳಿ ಹಸಿ ಅಂಟನ್ನು ಹೊರಗೆ ತಳ್ಳುತ್ತದೆ. ಪ್ರೆಶರ್ ವಾಶ್ ಕೆಲವು ದಿನ ಬೇಡ.

ಪ್ರಶ್ನೆ: ಗಾಜು ಬದಲಿಸಿದ ಮೇಲೆ ಕಾರು ಲೇನಿನ ಎಡಕ್ಕೆ ಎಳೆಯುತ್ತಿದೆ. ಡ್ಯಾಶ್‌ಬೋರ್ಡಿನಲ್ಲಿ ಯಾವ ಎಚ್ಚರಿಕೆಯೂ ಇಲ್ಲ. ಅಂಗಡಿಯವರು ಕ್ಯಾಲಿಬ್ರೇಷನ್ ಅಗತ್ಯವಿಲ್ಲ ಎಂದಿದ್ದರು. — ಯಲಹಂಕದ ಓದುಗರು

ಎಚ್ಚರಿಕೆ ದೀಪ ಹೊತ್ತಿಲ್ಲ ಎಂದರೆ ಕ್ಯಾಮೆರಾ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ, ಸರಿಯಾದ ಕಡೆ ನೋಡುತ್ತಿದೆ ಎಂದಲ್ಲ. ಕ್ಯಾಮೆರಾ ಒಂದು ಡಿಗ್ರಿ ಓರೆಯಾದರೆ 100 ಮೀಟರ್ ಮುಂದೆ ಅದರ ಲೆಕ್ಕ 1.75 ಮೀಟರ್ ತಪ್ಪುತ್ತದೆ. ಅಂದರೆ ಪಕ್ಕದ ಲೇನಿನ ಬೈಕನ್ನು ನಿಮ್ಮ ಲೇನಿನಲ್ಲಿದೆ ಎಂದುಕೊಂಡು ಬ್ರೇಕ್ ಹಾಕಬಹುದು. ನಿಮ್ಮ ಎದುರೇ ಇರುವುದನ್ನು ಬಿಟ್ಟೂಬಿಡಬಹುದು. ಇಂದೇ ಲೇನ್ ಸಹಾಯ ಮತ್ತು ಅಡಾಪ್ಟಿವ್ ಕ್ರೂಸ್ ಬಳಕೆ ನಿಲ್ಲಿಸಿ, ಕ್ಯಾಲಿಬ್ರೇಷನ್ ಮಾಡಿಸಿ.

ಅದರಲ್ಲಿ ಎರಡು ವಿಧ. ನಿಂತಲ್ಲೇ ಮಾಡುವುದಕ್ಕೆ ಸಮತಟ್ಟಾದ ನೆಲ, ಕಂಪನಿ ಹೇಳಿದ ದೂರ ಮತ್ತು ಎತ್ತರದಲ್ಲಿ ಗುರಿಫಲಕ, ಒಂದೇ ಸಮನಾದ ಬೆಳಕು ಬೇಕು. ಟೈರಿನ ಗಾಳಿ ಸರಿಯಿರಬೇಕು, ಡಿಕ್ಕಿಯಲ್ಲಿ ಸಾಮಾನಿರಬಾರದು, ಸ್ಟೀರಿಂಗ್ ನೇರ ಇರಬೇಕು. ಮರ್ಸಿಡಿಸ್ ಇಕ್ಯೂಎಸ್, ಬಿಎಂಡಬ್ಲ್ಯೂ ಐ7ರಂಥ ಏರ್ ಸಸ್ಪೆನ್ಷನ್ (ಗಾಳಿಯ ಒತ್ತಡದಿಂದ ಕಾರಿನ ಎತ್ತರ ಏರಿಳಿಸುವ ವ್ಯವಸ್ಥೆ) ಕಾರುಗಳಲ್ಲಿ ಎತ್ತರ ಮೊದಲು ನಿಗದಿತ ಮಟ್ಟಕ್ಕೆ ಬರಬೇಕು. ಕಾರಿನ ಮೂಗು ಬೆರಳಷ್ಟು ಎದ್ದಿದ್ದರೂ ಕ್ಯಾಮೆರಾ ತಪ್ಪು ಕೋನವನ್ನೇ ಸರಿಯೆಂದು ಕಲಿಯುತ್ತದೆ. ಕೆಲಸ ಮುಗಿಯುವವರೆಗೆ 12 ವೋಲ್ಟ್ ಬ್ಯಾಟರಿಗೆ ಹೊರಗಿನ ಸಪ್ಲೈ ಕೊಟ್ಟಿರಬೇಕು, ನಡುವೆ ವೋಲ್ಟೇಜ್ ಕುಸಿದರೆ ಮತ್ತೆ ಮೊದಲಿಂದ. ಓಡಿಸುತ್ತಾ ಮಾಡುವುದಕ್ಕೆ ಸ್ಪಷ್ಟ ಬಿಳಿಗೆರೆ ಇರುವ ರಸ್ತೆ, ಸ್ಥಿರ ವೇಗ ಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಅದು ಆಗುವ ಮಾತಲ್ಲ. ಕೆಲವು ಕಾರುಗಳಿಗೆ ಎರಡೂ ಬೇಕು. ಟೆಸ್ಲಾದಲ್ಲಿ ಸರ್ವೀಸ್ ಮೆನುವಿನಿಂದ ಹಳೆಯ ಕ್ಯಾಲಿಬ್ರೇಷನ್ ಅಳಿಸಿದರೆ ಸಾಮಾನ್ಯವಾಗಿ 32ರಿಂದ 40 ಕಿ.ಮೀ. ಓಡುವಷ್ಟರಲ್ಲಿ ತಾನೇ ಹೊಂದಿಸಿಕೊಳ್ಳುತ್ತದೆ.

ಕೆಲಸ ಮುಗಿದ ಮೇಲೆ ಸ್ಕ್ಯಾನರ್ ಕೊಡುವ ವರದಿಯ ಪ್ರತಿ ಕೇಳಿ ಪಡೆಯಿರಿ. ಬಾಯಿಮಾತು ಸಾಲದು.

ಪ್ರಶ್ನೆ: ಹೊಸ ಗಾಜು ಹಾಕಿದ ನಂತರ ಮಳೆಯಿಲ್ಲದಿದ್ದರೂ ವೈಪರ್ ಓಡುತ್ತದೆ. — ಶಿವಮೊಗ್ಗದ ಓದುಗರು

ಮಳೆ ಸೆನ್ಸರ್ ಮತ್ತು ಗಾಜಿನ ನಡುವಿನ ಜೆಲ್ ಹಾಳೆಯಲ್ಲಿ ಗಾಳಿಗುಳ್ಳೆ ಸೇರಿದೆ. ಹಳೆಯ ಹಾಳೆಯನ್ನೇ ಮತ್ತೆ ಅಂಟಿಸಿರುತ್ತಾರೆ. ಹೊಸ ಹಾಳೆ ಹಾಕಿಸಿ, ಹೊರಗಿನಿಂದ ಟಾರ್ಚ್ ಬಿಟ್ಟು ಗುಳ್ಳೆಯಿಲ್ಲ ಎಂದು ನೋಡಿ.

ಪ್ರಶ್ನೆ: ಗಾಜು ಬದಲಿಸಿದ ಮೇಲೆ ಓಡಿಸುವಾಗ ಸುಯ್ಯೆನ್ನುವ ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯುವುದು ಹೇಗೆ? — ಬೆಳಗಾವಿಯ ಓದುಗರು

ಗಾಜಿನ ಸುತ್ತಲಿನ ಸಂದಿಗೆ ಬಣ್ಣದ ಅಂಗಡಿಯಲ್ಲಿ ಸಿಗುವ ಮಾಸ್ಕಿಂಗ್ ಟೇಪ್ ಹಚ್ಚಿ ಓಡಿಸಿ. ಸದ್ದು ನಿಂತರೆ ಒಂದೊಂದು ಬದಿಯದನ್ನೇ ಕಿತ್ತು ಮತ್ತೆ ಓಡಿಸಿ, ಜಾಗ ಸಿಗುತ್ತದೆ. ಸೋರಿಕೆ ನೋಡಲು ಪೈಪಿನಿಂದ ಸಣ್ಣ ಧಾರೆಯಲ್ಲಿ ಕೆಳಗಿನಿಂದ ಮೇಲಕ್ಕೆ ನೀರು ಬಿಡಿ, ಒಳಗೊಬ್ಬರು ಕೂತು ನೋಡಲಿ. ಕಾಲಡಿಯ ಕಾರ್ಪೆಟ್ ಎತ್ತಿ ಮುಟ್ಟಿ ನೋಡುವುದನ್ನು ಮರೆಯಬೇಡಿ, ಅದರಡಿಯಲ್ಲಿ ವೈರಿಂಗ್ ಇರುತ್ತದೆ.

ಪ್ರಶ್ನೆ: ಹಳೆಯ ಗಾಜಿನ ಫಾಸ್ಟ್ಯಾಗ್ ಕಿತ್ತು ಹೊಸದಕ್ಕೆ ಅಂಟಿಸಬಹುದೇ? — ತುಮಕೂರಿನ ಓದುಗರು

ಆಗದು, ಕೀಳುವಾಗ ಒಳಗಿನ ಆಂಟೆನಾ ಹರಿಯುತ್ತದೆ. ಟ್ಯಾಗ್ ಕೊಟ್ಟ ಬ್ಯಾಂಕಿನಿಂದಲೇ ಬದಲಿ ಟ್ಯಾಗ್ ತರಿಸಿ. ಲೋಹಲೇಪದ ಗಾಜಿನಲ್ಲಿ ಅದನ್ನು ಎಲ್ಲೆಂದರಲ್ಲಿ ಅಂಟಿಸಿದರೆ ಟೋಲ್ ಯಂತ್ರ ಓದುವುದಿಲ್ಲ. ಲೇಪವಿಲ್ಲದ ಕಿಟಕಿ ಸಾಮಾನ್ಯವಾಗಿ ಕನ್ನಡಿಯ ಬುಡದ ಹತ್ತಿರ ಇರುತ್ತದೆ, ಕಾರಿನ ಕೈಪಿಡಿಯಲ್ಲಿ ಚಿತ್ರ ಸಹಿತ ತೋರಿಸಿರುತ್ತಾರೆ. ಟ್ಯಾಗ್ ಕೈಯಲ್ಲಿ ಹಿಡಿದು ತೋರಿಸುವುದೂ ಬೇಡ. ಗಾಜಿಗೆ ಅಂಟಿಸದ ಟ್ಯಾಗ್‌ಗೆ ದುಪ್ಪಟ್ಟು ಶುಲ್ಕ ಪಡೆಯಲು ಹೆದ್ದಾರಿ ಪ್ರಾಧಿಕಾರ 2024ರಲ್ಲೇ ಸೂಚಿಸಿದೆ.

ಪ್ರಶ್ನೆ: ವಿಮೆಯಲ್ಲಿ ಪಡೆಯುವುದೇ, ಕೈಯಿಂದ ಕೊಡುವುದೇ? — ಮೈಸೂರಿನ ಓದುಗರು

ಸಮಗ್ರ ವಿಮೆಯಲ್ಲಿ ಗಾಜಿಗೆ ಸವಕಳಿ ಕಡಿತವಿಲ್ಲ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಶೇ 50 ಕಡಿತ, ಝೀರೊ ಡೆಪ್ರಿಸಿಯೇಷನ್ (ಸವಕಳಿ ಕಳೆಯದಿರುವ ಹೆಚ್ಚುವರಿ ರಕ್ಷಣೆ) ಇದ್ದರೆ ಅದೂ ಇಲ್ಲ. ಪ್ರತಿ ಕ್ಲೇಮ್‌ನಲ್ಲೂ ಕಾರಿನವರೇ ಭರಿಸಬೇಕಾದ ಕಡ್ಡಾಯ ಪಾಲು ಮಾತ್ರ ನಿಮ್ಮದೇ. ಆದರೆ ಒಂದು ಕ್ಲೇಮ್‌ಗೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಸೊನ್ನೆಗೆ ಇಳಿಯುತ್ತದೆ. ಉದಾಹರಣೆಗೆ, ಬೋನಸ್ ಕಳೆಯುವ ಮುನ್ನ ಸ್ವಂತ ಹಾನಿಯ ಪ್ರೀಮಿಯಂ 2 ಲಕ್ಷ ರೂಪಾಯಿ, ಬೋನಸ್ ಶೇ 50 ಎಂದಿಟ್ಟುಕೊಳ್ಳಿ. ಮುಂದಿನ ವರ್ಷವೇ 1 ಲಕ್ಷ ಹೆಚ್ಚು ಕಟ್ಟಬೇಕು, ಬೋನಸ್ ಮತ್ತೆ ಶೇ 20ರಿಂದ ಏರಬೇಕು. ಬೋನಸ್ ರಕ್ಷಣೆಯ ಆ್ಯಡ್-ಆನ್ ಇಲ್ಲದಿದ್ದರೆ 60 ಸಾವಿರದ ಬಿಲ್ಲನ್ನು ಕೈಯಿಂದ ಕೊಡುವುದೇ ಲಾಭ. ಕ್ಲೇಮ್ ಮಾಡುವುದಾದರೆ ಹಾನಿ ಅಂದಾಜಿಸಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ನೋಡುವ ಮೊದಲು ಗಾಜು ಬಿಚ್ಚಿಸಬೇಡಿ. ಎಸ್ಟಿಮೇಟಿನಲ್ಲಿ ಅಂಟು, ಮೋಲ್ಡಿಂಗ್, ಜೆಲ್ ಹಾಳೆ, ಕ್ಯಾಲಿಬ್ರೇಷನ್ ಇಷ್ಟನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿ. ಕ್ಯಾಲಿಬ್ರೇಷನ್ ಸಾಲು ಬಿಟ್ಟುಹೋದ ಎಸ್ಟಿಮೇಟಿಗೆ ಒಪ್ಪಿಗೆ ಸಿಕ್ಕಿದ ಮೇಲೆ ಅದನ್ನು ಸೇರಿಸಿಕೊಳ್ಳುವುದು ಬಹಳ ಕಷ್ಟ.