ಸಂಪಾದಕರ ಉತ್ತರ: ಬೋಳು ಗ್ರಹಕ್ಕೆ ಮೊದಲ ಮಳೆ

ಪ್ರಿಯ ಮೇಷ್ಟ್ರೇ,

ಅರಸೀಕೆರೆಯಿಂದ ನೀವು ಬರೆದ ನಾಲ್ಕು ಪುಟದ ಕಾಗದ ತಲುಪಿತು. ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಿಮ್ಮ ಮಗ ಹಬ್ಬಕ್ಕೆ ಊರಿಗೆ ಬಂದವನು ರಾತ್ರಿಯೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತು ಯಾವುದೋ ಬೋಳು ಗ್ರಹದಲ್ಲಿ ಗಿಡ ಬೆಳೆಸುತ್ತಿದ್ದ. ಇತ್ತ ನಿಮ್ಮ ತೆಂಗಿನ ತೋಟದ ಎರಡು ಬೋರ್‌ವೆಲ್ ಬತ್ತಿವೆ. "ಗುಂಡು ಹಾರಿಸುವ ಆಟವಾದರೆ ಅರ್ಥವಾಗುತ್ತಿತ್ತು. ಇದರಲ್ಲಿ ಶತ್ರುವೇ ಇಲ್ಲ. ಸೋಮಾರಿಗಳ ಆಟ ಇದು, ಏನು ಸುಖ?" ಎಂದು ಕೇಳಿದ್ದೀರಿ.

ನಿಮ್ಮ ವರ್ಣನೆ ಓದುತ್ತಲೇ ಆಟ ಯಾವುದೆಂದು ತಿಳಿಯಿತು: 'ದಿ ಪ್ಲಾನೆಟ್ ಕ್ರಾಫ್ಟರ್'. ಫ್ರಾನ್ಸಿನ ಮಿಜು ಗೇಮ್ಸ್ ಎಂಬ ಪುಟ್ಟ ತಂಡದ್ದು. 2022ರಲ್ಲಿ ಇನ್ನೂ ಕಟ್ಟುತ್ತಿರುವಾಗಲೇ ಮಾರಾಟಕ್ಕೆ ಬಂತು, 2024ರ ಏಪ್ರಿಲ್‌ನಲ್ಲಿ ಪೂರ್ಣವಾಯಿತು. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಾನೂ ಅದರಲ್ಲಿ ಕೆಲವು ರಾತ್ರಿ ನಿದ್ದೆಗೆಟ್ಟವನೇ.

ಆಟದಲ್ಲಿ ನೀವೊಬ್ಬ ಕೈದಿ. ಗಾಳಿಯಿಲ್ಲದ, ನೀರಿಲ್ಲದ ಗ್ರಹಕ್ಕೆ ನಿಮ್ಮನ್ನು ಎಸೆದಿದ್ದಾರೆ. ಅದನ್ನು ಮನುಷ್ಯರು ಬಾಳುವಂತೆ ಮಾಡುವುದೇ ಶಿಕ್ಷೆ. ಬೆನ್ನಿಗಿರುವ ಆಮ್ಲಜನಕ ಸ್ವಲ್ಪ ಹೊತ್ತಿನದು. ಕಬ್ಬಿಣ, ಮೆಗ್ನೀಸಿಯಂ, ಹಿಮದ ತುಂಡು ಆಯ್ದುಕೊಂಡು ಉಸಿರು ಮುಗಿಯುವುದರೊಳಗೆ ಗೂಡಿಗೆ ಓಡಬೇಕು. ಬಾಗಿಲು ದಾಟಿದಾಗ ಉಸಿರು ತುಂಬಿಕೊಳ್ಳುತ್ತದಲ್ಲ, ಅಲ್ಲಿದೆ ಮೊದಲ ಸುಖ. ಮಳೆಯಲ್ಲಿ ನೆನೆದು ಬಂದವನಿಗೆ ಜಗಲಿ ಸಿಕ್ಕ ಹಾಗೆ. ಅಪಾಯ ಇಷ್ಟೇ ಇಷ್ಟು, ಊಟಕ್ಕೆ ಉಪ್ಪಿನಕಾಯಿಯಷ್ಟು.

ಮುಂದಿನದು ಇನ್ನೂ ಸೊಗಸು. ಗಾಳಿಯಂತ್ರ, ನೆಲ ಕೊರೆಯುವ ಯಂತ್ರ, ಕಾಯಿಸುವ ಯಂತ್ರ, ಬೀಜ ಹಾಕಿದ ಗಾಜಿನ ಕೊಳವೆ ಒಂದೊಂದಾಗಿ ಕೂರಿಸುತ್ತೀರಿ. ಗಾಳಿಯಂತ್ರ ಕರೆಂಟು ಕೊಟ್ಟರೆ ಉಳಿದವು ಒತ್ತಡ, ಶಾಖ, ಆಮ್ಲಜನಕವನ್ನು ಏರಿಸುತ್ತವೆ. ಶಾಖದ ಲೆಕ್ಕ ಶುರುವಾಗುವುದು ಪಿಕೊ ಕೆಲ್ವಿನ್‌ನಿಂದ, ಅಂದರೆ ಒಂದು ಡಿಗ್ರಿಯ ಲಕ್ಷ ಕೋಟಿಯಲ್ಲೊಂದು ಪಾಲು! ನಗು ಬರುತ್ತದೆ. ಆದರೆ ಇವೆಲ್ಲ ಸೇರಿದ ಒಟ್ಟು ಅಂಕ 1,75,000 ಮುಟ್ಟಿದಾಗ ಕೆಂಪಗೆ ಕವಿದಿದ್ದ ಆಕಾಶ ನೀಲಿಗೆ ತಿರುಗುತ್ತದೆ. ಆಮೇಲೆ ಮೋಡ. 8,75,000ಕ್ಕೆ ಮಳೆ. ಆ ಮಳೆ ಬಂದಾಗ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ನಿಂತುಬಿಟ್ಟೆ.

ಸೋಮಾರಿಗಳ ಆಟ ಎಂದಿರಿ, ಅದನ್ನು ಮಾತ್ರ ಒಪ್ಪಲಾರೆ. ನಿಮ್ಮ ಮಗ ಅಲ್ಲಿ ಮಾಡುತ್ತಿರುವುದು ದುಡಿಮೆ. ಹಗಲೆಲ್ಲ ಆಫೀಸಿನಲ್ಲಿ ದುಡಿದು ರಾತ್ರಿ ಮತ್ತೆ ದುಡಿಯುತ್ತಾನೆ. ವ್ಯತ್ಯಾಸ ಏನೆಂದರೆ ರಾತ್ರಿಯ ದುಡಿಮೆಗೆ ಆಕಾಶ ಬಣ್ಣ ಬದಲಿಸುತ್ತದೆ. ಆಫೀಸಿನಲ್ಲಿ ಅವನು ಬರೆದದ್ದು ಎಲ್ಲಿಗೆ ಹೋಗಿ ಯಾರಿಗೆ ದಕ್ಕಿತೋ ಅವನಿಗೇ ತಿಳಿಯದು. ನಿಮ್ಮ ತೋಟದಲ್ಲಾದರೂ ಅಷ್ಟೇ ತಾನೆ? ಮೂರು ವರ್ಷ ಗೊಬ್ಬರ ಹಾಕಿ, ನುಸಿಗೆ ಔಷಧಿ ಹೊಡೆದು, ಕೊನೆಗೆ ಬೋರ್ ಕೈಕೊಟ್ಟರೆ ಎಲ್ಲ ಸೊನ್ನೆ. ಆ ಗ್ರಹದಲ್ಲಿ ಏರಿದ ಅಂಕ ಇಳಿಯುವುದಿಲ್ಲ. ಪಹಣಿ ಇಲ್ಲ, ಬದುವಿನ ತಕರಾರಿಲ್ಲ, ಕರೆಂಟಿಗೆ ಕಾಯಬೇಕಿಲ್ಲ.

(ಒಂದು ಚೋದ್ಯವನ್ನೂ ಹೇಳಬೇಕು. ಇಲ್ಲಿ ನಾವು ಹೆದರಿ ಕೂತಿರುವ ತಾಪಮಾನ ಏರಿಕೆ ಅಲ್ಲಿ ಗೆಲುವು. ನಾನೇ ಖುಷಿಯಿಂದ ಹತ್ತಾರು ಹೀಟರ್ ಹಾಕಿದೆ!)

ಇಂಥ ನಿರಾಳ ಆಟಗಳಿಗೆ ಈಗ ಗಿರಾಕಿಗಳಿದ್ದಾರೆ. ಸಿಯಾಟಲ್‌ನ ತಂಡವೊಂದರ 'ಆಸ್ಟ್ರೋನೀರ್' 2019ರಲ್ಲಿ ಪೂರ್ಣಗೊಂಡಿತು. 2016ರ 'ನೋ ಮ್ಯಾನ್ಸ್ ಸ್ಕೈ' ಕೂಡ 2022ರಲ್ಲಿ ನಿರಾಳವಾಗಿ ಆಡುವ ಬಗೆಯೊಂದನ್ನು ಸೇರಿಸಿಕೊಂಡಿತು.

ಮಂಗಳನನ್ನು ನಿಜಕ್ಕೂ ಹೀಗೆ ಹಸಿರು ಮಾಡಬಹುದೇ ಎಂದೂ ಕೇಳಿದ್ದೀರಿ. ಸದ್ಯಕ್ಕಿಲ್ಲ. ಅಲ್ಲಿನ ವಾಯು ಒತ್ತಡ ನಮ್ಮದರ ಶೇ. 1ಕ್ಕೂ ಕಡಿಮೆ. ಗ್ರಹಗಳ ಅಧ್ಯಯನ ಮಾಡುವ ವಿಜ್ಞಾನಿಗಳಾದ ಬ್ರೂಸ್ ಜಕೋಸ್ಕಿ ಮತ್ತು ಕ್ರಿಸ್ಟೋಫರ್ ಎಡ್ವರ್ಡ್ಸ್ 2018ರಲ್ಲಿ ಲೆಕ್ಕ ಹಾಕಿ, ಗ್ರಹವನ್ನು ಬೆಚ್ಚಗಿಡುವಷ್ಟು ಇಂಗಾಲದ ಡೈಆಕ್ಸೈಡ್ ಅಲ್ಲಿ ನಮ್ಮ ಕೈಗೆಟಕುವಂತೆ ಉಳಿದಿಲ್ಲ ಎಂದರು. ನಮ್ಮ ಭೂಮಿಯ ಗಾಳಿಗೆ ಆಮ್ಲಜನಕ ಸೇರತೊಡಗಿದ್ದೂ ಸುಮಾರು 240 ಕೋಟಿ ವರ್ಷಗಳ ಹಿಂದೆ, ಕಣ್ಣಿಗೆ ಕಾಣದ ಸಯನೋಬ್ಯಾಕ್ಟೀರಿಯಾಗಳ ದುಡಿಮೆಯಿಂದ. ಅವಕ್ಕೆ ಯಾವ ಅಂಕಪಟ್ಟಿಯೂ ಇರಲಿಲ್ಲ.

ಮಗನಿಗೆ ಬೈಯಬೇಕೇ ಬಿಡಬೇಕೇ ಎಂಬುದು ನಿಮ್ಮ ಮನೆಯ ವಿಷಯ. ಆದರೆ ಮುಂದಿನ ಸಲ ಬಂದಾಗ ಪಕ್ಕದಲ್ಲೊಂದು ಕುರ್ಚಿ ಎಳೆದುಕೊಂಡು ಕೂತು, ಮನೆ ಎಲ್ಲಿ ಕಟ್ಟಿದ್ದೀಯ ಅಂತ ಕೇಳಿ. ನಾನು ಪೇಟೆಯವನು, ಸಮತಟ್ಟಾಗಿದೆಯಲ್ಲ ಎಂದು ತಗ್ಗಿನಲ್ಲಿ ಕಟ್ಟಿದೆ. ಹಿಮ ಕರಗಿ ಕೆರೆ ತುಂಬಿದಾಗ ಕಿಟಕಿಯಾಚೆ ನೀರೋ ನೀರು. ನಲವತ್ತು ವರ್ಷ ಹಳ್ಳದ ಪಕ್ಕ ತೋಟ ಮಾಡಿದ ನೀವು ಆ ಜಾಗ ನೋಡಿದ ಕೂಡಲೇ ಬೇಡ ಅನ್ನುತ್ತಿದ್ದಿರಿ.

ಇತಿ,
ಸಂಪಾದಕ